ಪಿಮ್ ಮ್ಯುಲೀರರ ಚರಿತ್ರೆಯೂ ಹನ್ನೊಂದು ಪಟ್ಟಣಗಳ ಹಿಮಯಾತ್ರೆಯೂ

ಕಳೆದ ವರುಷದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೆ ನಾನು ಸತ್ಯವೇದದ ಯೋಬನ ಗ್ರಂಥವನ್ನು ಓದಿಸುತ್ತಿದ್ದೆನು. ದೇವರು ಬಿರುಗಾಳಿಯೊಳಗಿಂದ ಯೋಬನನ್ನು ಪ್ರಶ್ನಿಸುವ ಅಧ್ಯಾಯದಲ್ಲಿ ನೀರು ಕಲ್ಲಿನಂತೆ ಗಟ್ಟಿಯಾಗುವ ಸಂಗತಿಯು ಬರುತ್ತದಷ್ಟೆ. ಅಂಕೋಲೆಯ ಕಡೆಯಿಂದ ಬಂದು ನಮ್ಮ ವಸತಿಗೃಹದಲ್ಲಿರುವ ಒಬ್ಬ ಹುಡುಗಿಯು ಎದ್ದು ನಿಂತು, ಗಂಗಾವಳಿಯಂಥ ಹೊಳೆಯು ಈ ದಡದಿಂದ ಆ ದಡದ ವರೆಗೆ ಕಲ್ಲಾಗುವುದುಂಟೇ, ಹಾಗಾದರೆ ಅದರೊಳಗಿನ ಮೀನುಗಳ ಗತಿಯೇನು ಎಂದು ಕೇಳಿದಳು. ಬಂದರಿನಲ್ಲಿ ಮೀನಿನ ಬುಟ್ಟಿಗಳ ಮೇಲೆ ಸುರಿಯುವ ಬರ್ಫದ ಚೂರುಗಳ ಹೊರತು ಬೇರೆ ನೀರ್ಗಲ್ಲನ್ನು ಆಕೆಯು ಕಂಡವಳಲ್ಲ. ತರಗತಿಯಲ್ಲಿ ಕೆಲವರು ನಕ್ಕರು. ಆದರೆ ಪ್ರಶ್ನೆಯು ನಗುವಂಥದಾಗಿರಲಿಲ್ಲ.

ಉತ್ತರವಾಗಿ ನಾನು ಆ ದಿನ ಹೇಳಿದ್ದು ಪ್ರಕೃತಿಶಾಸ್ತ್ರದ ಚಿಕ್ಕ ಪಾಠವನ್ನು. ನೀರು ತಣ್ಣಗಾಗುತ್ತ ಹೋದಂತೆ ಭಾರವಾಗಿ ಕೆಳಗಿಳಿಯುವುದು. ಆದರೆ ಈ ನಿಯಮವು 4 ಡಿಗ್ರಿ ಸೆಂಟಿಗ್ರೇಡಿನ ತನಕ ಮಾತ್ರ. ಅದಕ್ಕಿಂತಲೂ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಲ್ಲುತ್ತದೆ, ಮೇಲೆಯೇ ಹೆಪ್ಪುಗಟ್ಟುತ್ತದೆ. ಹೀಗಾಗಿ ಕೆರೆಯ ಮೇಲ್ಭಾಗವು ಹಾಸುಗಲ್ಲಾದರೂ ಅಡಿಯಲ್ಲಿ ನೀರು ನೀರಾಗಿಯೇ ಉಳಿದು ಮೀನುಗಳು ಬದುಕುತ್ತವೆ. ಸೃಷ್ಟಿಯಲ್ಲಿನ ಈ ಏರ್ಪಾಡನ್ನು ಕುರಿತು ನಾನು ಇನ್ನೂ ಹೇಳಲಿಕ್ಕಿದ್ದೆನು. ಹುಡುಗಿಯರ ಕುತೂಹಲವಾದರೋ ಬೇರೆ ಕಡೆಗೆ ತಿರುಗಿತು. ಅಂಥ ಹಾಸುಗಲ್ಲಿನ ಮೇಲೆ ಮನುಷ್ಯರು ನಡೆಯಬಹುದೋ, ಎಷ್ಟು ದೂರ ಹೋಗಬಹುದೋ ಎಂಬುದೇ ಅವರ ಪ್ರಶ್ನೆ. ಆಗ ನಾನು ಪಿಮ್ ಮ್ಯುಲೀರ್ ಎಂಬ ಡಚ್ಚ ಗೃಹಸ್ಥರ ವೃತ್ತಾಂತವನ್ನು ಹೇಳಿದೆನು. ಮಕ್ಕಳು ಅದನ್ನು ಮನೆಗೆ ಒಯ್ದು ಹೇಳಿದ್ದರಿಂದ ಕೆಲವು ಪಾಲಕರು ಅದನ್ನು ಈ ಸಂಚಿಕೆಯಲ್ಲಿ ಬರೆಯಬೇಕೆಂದು ಕೇಳಿಕೊಂಡಿದ್ದಾರೆ. ಬರೆಯಲಿಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಮುಂದೆ ತಾನಾಗಿ ಬರುವುದು.

ಹಾಲೆಂಡಿನ ಉತ್ತರ ಭಾಗದಲ್ಲಿ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತವಿದೆ. ನಮ್ಮ ಅಂಕೋಲೆ, ಕುಮಟೆಗಳ ಗಜನಿ ಭೂಮಿಯನ್ನು ನೋಡಿದವರಿಗೆ ಆ ನಾಡನ್ನು ಊಹಿಸುವುದು ಕಷ್ಟವಲ್ಲ. ಉಪ್ಪುನೀರು ಒಳನುಗ್ಗದಂತೆ ಕಟ್ಟೆ ಕಟ್ಟಿ, ಹೆಚ್ಚಿನ ನೀರನ್ನು ಕಾಲುವೆಗಳಲ್ಲಿ ಹರಿಯಬಿಟ್ಟು, ಜನರು ನೆಲವನ್ನು ಸಮುದ್ರದ ಕೈಯಿಂದ ಉಳಿಸಿಕೊಂಡಿದ್ದಾರೆ. ಗುಡ್ಡವೆಂಬುದು ಅಲ್ಲಿ ಇಲ್ಲ. ಎಲ್ಲಿ ನೋಡಿದರೂ ಹುಲ್ಲುಗಾವಲು, ಕಾಲುವೆ, ವಿಶಾಲವಾದ ಸರೋವರಗಳು. ಬೇಸಗೆಯಲ್ಲಿ ದೋಣಿಗಳು ಸಂಚರಿಸುವ ಈ ಜಲಮಾರ್ಗಗಳು ಕಠಿಣವಾದ ಚಳಿಗಾಲದಲ್ಲಿ ಹೆಪ್ಪುಗಟ್ಟಿ ರಾಜಮಾರ್ಗಗಳಾಗಿ ಬಿಡುತ್ತವೆ. ಮರದ ಹಲಗೆಯ ಅಡಿಯಲ್ಲಿ ಉಕ್ಕಿನ ಅಲಗನ್ನು ಜೋಡಿಸಿ, ತೊಗಲಿನ ಪಟ್ಟಿಯಿಂದ ಪಾದರಕ್ಷೆಗೆ ಬಿಗಿದುಕೊಂಡು, ಅಲ್ಲಿಯವರು ಪೂರ್ವಕಾಲದಿಂದಲೂ ಸಂತೆಗೂ ದೇವಾಲಯಕ್ಕೂ ನೆಂಟರ ಮನೆಗೂ ಜಾರುತ್ತ ಹೋಗುತ್ತಿದ್ದರು. ಆ ಸಾಧನಕ್ಕೆ ಸ್ಕೇಟು ಎಂದು ಹೆಸರು. ನಮಗೆ ದೋಣಿ ಹೇಗೋ ಅವರಿಗೆ ಅದು ಹಾಗೆ; ಆಟದ ಸಾಮಾನು ಆಮೇಲೆ ಆದದ್ದು.

ಈ ಪ್ರಾಂತದಲ್ಲಿ ಪ್ರಾಚೀನ ಕಾಲದಿಂದ ಪಟ್ಟಣವೆಂಬ ಹಕ್ಕನ್ನು ಪಡೆದ ಊರುಗಳು ಹನ್ನೊಂದು. ಲೇವಾರ್ಡನ್ ಮುಖ್ಯ ಪಟ್ಟಣ. ಅಲ್ಲಿಂದ ದಕ್ಷಿಣಕ್ಕೆ ಸ್ನೇಕ್, ಐಲ್ಸ್ಟ್, ಸ್ಲೋಟನ್. ಪಶ್ಚಿಮದ ಕಡಲಂಚಿನ ಕಡೆಗೆ ಸ್ಟಾವೊರನ್, ಹಿಂಡೆಲೋಪನ್, ವರ್ಕಮ್. ಮೇಲಕ್ಕೆ ಬೋಲ್ಸ್‌ವಾರ್ಡ್, ಹಾರ್ಲಿಂಗನ್, ಹಿಂದೊಮ್ಮೆ ವಿಶ್ವವಿದ್ಯಾಲಯವಿದ್ದ ಫ್ರಾನೆಕರ್. ಕಟ್ಟಕಡೆಗೆ ಈಶಾನ್ಯದಲ್ಲಿ ಡೊಕ್ಕುಮ್. ಸುವಾರ್ತೆಯನ್ನು ಸಾರಲು ಬಂದ ಸಂತ ಬೋನಿಫೇಸನು 754ನೆಯ ಇಸವಿಯಲ್ಲಿ ರಕ್ತಸಾಕ್ಷಿಯಾದದ್ದು ಈ ಡೊಕ್ಕುಮಿನ ಬಳಿಯಲ್ಲಿಯೇ. ಈ ಹನ್ನೊಂದನ್ನೂ ಸುತ್ತಿ ಮರಳಿ ಲೇವಾರ್ಡನಿಗೆ ಬರುವ ಜಲಮಾರ್ಗವು ಸುಮಾರು 200 ಕಿಲೋಮೀಟರು. ಕಾರವಾರದಿಂದ ಅಂಕೋಲೆಗೆ ಹೋಗಿ ಬರುವುದನ್ನು ಬಿಡುವಿಲ್ಲದೆ ಮೂರು ಸಲ ಮಾಡಿದರೆ ಹೆಚ್ಚುಕಡಿಮೆ ಅಷ್ಟಾಗುವುದು. ಅಷ್ಟು ದೂರವನ್ನು ಒಂದೇ ದಿನದಲ್ಲಿ, ನೀರ್ಗಲ್ಲಿನ ಮೇಲೆ, ಕಾಲಿನ ಬಲದಿಂದಲೇ ಕ್ರಮಿಸಬೇಕೆಂಬುದು ಅಲ್ಲಿಯ ಯುವಕರ ಬಹುಕಾಲದ ಹಂಬಲ. ಹದಿನೆಂಟನೆಯ ಶತಮಾನದಲ್ಲಿಯೇ ಹಾಗೆ ಮಾಡಿದವರಿದ್ದರು. ಊರೂರಿನ ಛತ್ರದಲ್ಲಿ ಮೈ ಕಾಯಿಸಿಕೊಂಡು ಹೊರಟು, ಮನೆಗೆ ಬಂದು ಮೊಮ್ಮಕ್ಕಳ ಕಾಲದ ವರೆಗೂ ಅದನ್ನೇ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಲೆಕ್ಕವಿಲ್ಲ, ನಿಯಮವಿಲ್ಲ, ಸಾಕ್ಷಿಯಿಲ್ಲ.

ಇಂಥ ನಾಡಿನ ವಿಟ್ಮಾರ್ಸಮ್ ಎಂಬ ಹಳ್ಳಿಯಲ್ಲಿ 1865ನೆಯ ಇಸವಿ ಮಾರ್ಚ್ 10ನೆಯ ತಾರೀಖಿನಂದು ವಿಲ್ಲೆಮ್ ಯೋಹಾನ್ ಹೆರ್ಮನ್ ಮ್ಯುಲೀರರು ಜನಿಸಿದರು. ಪಿಮ್ ಎಂಬುದು ಮನೆಯವರ ಮುದ್ದಿನ ಹೆಸರು. ಲೋಕಕ್ಕೂ ಅದೇ ಉಳಿಯಿತು. ಕ್ರೈಸ್ತ ಸಭೆಯ ಚರಿತ್ರೆಯನ್ನು ಓದಿದವರಿಗೆ ವಿಟ್ಮಾರ್ಸಮ್ ಅಪರಿಚಿತ ಗ್ರಾಮವಲ್ಲ. ಯುದ್ಧವನ್ನು ಒಲ್ಲದ ಮೆನ್ನೋನೈಟ್ ಸಭೆಗೆ ಯಾರ ಹೆಸರು ಬಂದಿದೆಯೋ ಆ ಮೆನ್ನೋ ಸೈಮನ್ಸರು ಹುಟ್ಟಿದ ಊರೂ ಅದೇ. ಮ್ಯುಲೀರರದು ಅನುಕೂಲಸ್ಥರ ಮನೆತನ. ತಂದೆಯವರು ಆ ಭಾಗದ ನಗರಾಧಿಕಾರಿಗಳಾಗಿದ್ದರು. ಮುಂದೆ ಕುಟುಂಬವು ಹಾರ್ಲೆಮ್ ಪಟ್ಟಣಕ್ಕೆ ಬಂದು ನೆಲೆಸಿತು.

ಹುಡುಗನಾಗಿದ್ದಾಗಲೇ ಇವರಿಗೆ ಬಯಲಾಟಗಳ ಹುಚ್ಚು. ಆ ಕಾಲದ ಹಾಲೆಂಡಿನಲ್ಲಿ ದೊಡ್ಡ ಮನೆತನದ ಮಕ್ಕಳು ಬೆವರು ಸುರಿಸಿ ಓಡುವುದು ಗೌರವದ ಲಕ್ಷಣವೆನಿಸಿರಲಿಲ್ಲ. ಇವರು 1879ರಲ್ಲಿ, ಹದಿನಾಲ್ಕು ವರುಷದ ಬಾಲಕನಾಗಿದ್ದಾಗ, ಸಂಗಡಿಗರನ್ನು ಕೂಡಿಸಿ ಹಾರ್ಲೆಮಿನಲ್ಲಿ ಒಂದು ಚೆಂಡಾಟದ ಸಂಘವನ್ನು ಸ್ಥಾಪಿಸಿದರು. ಮೊದಲು ರಗ್ಬಿ ಆಡಿದರು, ಕೆಲವು ವರುಷಗಳಲ್ಲಿ ಅದನ್ನು ಬಿಟ್ಟು ಕಾಲ್ಚೆಂಡನ್ನು ಹಿಡಿದರು. ಆ ದೇಶದ ಕಾಲ್ಚೆಂಡಿನ ಚರಿತ್ರೆಯು ಆರಂಭವಾಗುವುದು ಈ ಬಾಲಕರ ಸಂಘದಿಂದಲೇ. 1889ರಲ್ಲಿ ಕಾಲ್ಚೆಂಡು ಮತ್ತು ಓಟ ಜಿಗಿತಗಳ ರಾಷ್ಟ್ರೀಯ ಸಂಘಕ್ಕೆ ಬುನಾದಿ ಹಾಕಿದವರಲ್ಲಿಯೂ ಇವರೇ ಮುಂದಾಳು. ಕ್ರಿಕೆಟನ್ನು ಕುರಿತು, ಕಾಲ್ಚೆಂಡನ್ನು ಕುರಿತು, ಚಳಿಗಾಲದ ಆಟಗಳನ್ನು ಕುರಿತು ಒಂದೊಂದು ಪುಸ್ತಕವನ್ನು ಬರೆದರು. 1892ರಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸ್ಖೇವೆನಿಂಗನ್ ಎಂಬ ಕಡಲತೀರದ ಊರಿನಲ್ಲಿ ಸೇರಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಘವನ್ನು ಕಟ್ಟಿದಾಗ ಅದರ ಮೊದಲನೆಯ ಅಧ್ಯಕ್ಷರಾಗಿ ಆರಿಸಲ್ಪಟ್ಟವರು ಇಪ್ಪತ್ತೇಳು ವರುಷದ ಮ್ಯುಲೀರರು. ಇವೆಲ್ಲ ದೊಡ್ಡ ಸಂಗತಿಗಳೇ ಸರಿ. ಆದರೂ ಸಭೆ, ಸಂಘ, ಅಧ್ಯಕ್ಷತೆಗಳ ಪಟ್ಟಿಯಿಂದ ಒಬ್ಬ ಮನುಷ್ಯನು ತಿಳಿಯುವುದು ಸ್ವಲ್ಪವೇ. ಅದಕ್ಕಿಂತ ಎರಡು ವರುಷ ಹಿಂದಿನ ಒಂದೇ ದಿನದಲ್ಲಿ ಅವರು ಹೆಚ್ಚಾಗಿ ಕಾಣಿಸುತ್ತಾರೆ.

1890ನೆಯ ಇಸವಿಯ ಕೊನೆಯಲ್ಲಿ ಯುರೋಪಿನಲ್ಲಿ ಅತಿ ಕಠಿಣವಾದ ಚಳಿ ಬಿದ್ದಿತು. ಫ್ರೀಸ್‌ಲ್ಯಾಂಡಿನ ಕಾಲುವೆಗಳೂ ಸರೋವರಗಳೂ ಒಂದಕ್ಕೊಂದು ಕೂಡಿ ಗಟ್ಟಿಯಾದವು. ಡಿಸೆಂಬರ 21ನೆಯ ತಾರೀಖು ಮ್ಯುಲೀರರು ಹನ್ನೊಂದು ಪಟ್ಟಣಗಳ ಸುತ್ತನ್ನು ಕೈಕೊಂಡರು. ಆ ದಿನವನ್ನು ವಾಚಕರು ಗಮನಿಸಬೇಕು. ಉತ್ತರ ಗೋಲಾರ್ಧದಲ್ಲಿ ವರುಷದ ಅತಿ ಚಿಕ್ಕ ಹಗಲು ಅದು. ನಮ್ಮಲ್ಲಿ ಆಗಲೂ ಹನ್ನೊಂದು ಗಂಟೆಯ ಬೆಳಕುಂಟು. ಅಲ್ಲಿ ಎಂಟು ಗಂಟೆಗೂ ಕಡಿಮೆ. ಯಾತ್ರೆಯ ದೊಡ್ಡ ಭಾಗವನ್ನು ಕತ್ತಲಲ್ಲಿಯೇ ಮುಗಿಸಬೇಕು. ಕತ್ತಲಲ್ಲಿ ನೀರ್ಗಲ್ಲಿನ ಬಿರುಕು ಕಾಣುವುದಿಲ್ಲ. ಅಲಗು ಬಿರುಕಿನಲ್ಲಿ ಸಿಕ್ಕಿದರೆ ಮನುಷ್ಯನು ಮುಗ್ಗರಿಸಿ ಬೀಳುವನು. ಸೇತುವೆಗಳ ಕೆಳಗೆ ನೀರಿನ ಸೆಳೆತದಿಂದಲೂ ಗಾಳಿಯ ಮರೆಯಿಂದಲೂ ಪದರವು ತೆಳುವಾಗಿರುತ್ತದೆ. ಅದು ಬಿರಿದರೆ ಕೆಳಗೆ ಕಪ್ಪು ನೀರು. ಸರೋವರಗಳ ಮೇಲಂತೂ ಗಾಳಿಗೆ ಅಡ್ಡಿಯೆಂಬುದೇ ಇಲ್ಲ. ಎದುರುಗಾಳಿಯಲ್ಲಿ ಸೊಂಟವನ್ನು ಬಗ್ಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದೊಂದೇ ಹೆಜ್ಜೆಯನ್ನು ಓರೆಯಾಗಿ ನೂಕುತ್ತ ಗಂಟೆಗಟ್ಟಲೆ ಹೋಗಬೇಕು. ನಮ್ಮ ಅಂಬಿಗರು ಕಾಳೀ ನದಿಯ ಮುಖದಲ್ಲಿ ಭರತದ ವಿರುದ್ಧವಾಗಿ ಹುಟ್ಟು ಹಾಕುವುದನ್ನು ನೋಡಿದವರು ಈ ಶ್ರಮದ ಬಗೆಯನ್ನು ತಿಳಿಯಬಲ್ಲರು. ಮ್ಯುಲೀರರು 12 ಗಂಟೆ 55 ನಿಮಿಷಗಳಲ್ಲಿ ಸುತ್ತನ್ನು ಪೂರೈಸಿದರು. ಗಂಟೆಗೆ ಸುಮಾರು 15 ಕಿಲೋಮೀಟರಿನಂತೆ, ಊಟ ವಿಶ್ರಾಂತಿಗಳನ್ನೂ ಸೇರಿಸಿ!

ಹಾಗೆ ಮಾಡಿದವರಲ್ಲಿ ಇವರು ಮೊದಲಿಗರಲ್ಲವೆಂದು ಮೇಲೆ ಹೇಳಿದೆನು. ಆದರೆ ಹಿಂದಿನವರು ಮನೆಗೆ ಬಂದು ಕಥೆ ಹೇಳಿದರು, ಇವರು ತಮ್ಮ ಯಾತ್ರೆಯನ್ನು ಪುಸ್ತಕಕ್ಕೆ ಏರಿಸಿ, ಇದನ್ನು ಎಲ್ಲರೂ ಕೂಡಿ ಒಂದು ಕ್ರಮದಿಂದ ಮಾಡಬೇಕೆಂದು ಆಲೋಚಿಸಿದರು. ತಾನು ಏರಿದ ಮೇಲೆ ಏಣಿಯನ್ನು ಹಿಂದಕ್ಕೆ ಎಳೆದುಕೊಳ್ಳುವವರು ಬಹಳ. ಅದನ್ನು ಅಲ್ಲಿಯೇ ನಿಲ್ಲಿಸಿ ಇನ್ನಷ್ಟು ಮೆಟ್ಟಿಲು ಬಡಿಯುವವರು ವಿರಳ.

ಆ ಆಲೋಚನೆಯು ಕೈಗೂಡಲು ಹದಿನೆಂಟು ವರುಷ ಬೇಕಾಯಿತು. ನಡುವೆ ಮ್ಯುಲೀರರು ಪತ್ರಿಕೋದ್ಯೋಗಿಯಾಗಿ ಸುಮಾತ್ರಾ ದ್ವೀಪಕ್ಕೆ ಹೋದರು. ಆಗ ಅದು ಡಚ್ಚರ ಆಳಿಕೆಯಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಡಾನ್ ನಗರದಲ್ಲಿ ಹುಟ್ಟಿದ ಒಂದು ವರ್ತಮಾನ ಪತ್ರಿಕೆಗೆ ಅವರು ಸಂಪಾದಕರಾದರು. ಸುಮಾತ್ರಾದ ಹವೆ ನಮ್ಮ ಕರಾವಳಿಯ ಹಾಗೆಯೇ: ಬಾರಾ ಮಾಸ ಬೆವರು, ತೆಂಗು, ಭಾರಿ ಮಳೆ. ಹೆಪ್ಪುಗಟ್ಟಿದ ಸರೋವರವೆಂದರೆ ಅಲ್ಲಿಯವರಿಗೂ ಯೋಬನ ಗ್ರಂಥದ ಅಧ್ಯಾಯದಷ್ಟೇ ದೂರದ ಮಾತಾಗಿದ್ದಿರಬೇಕು. ನೀರ್ಗಲ್ಲಿನ ಮೇಲೆ ಹೆಸರು ಪಡೆದ ಈ ಮನುಷ್ಯರು ಅಂಥ ನಾಡಿನ ಮಧ್ಯಾಹ್ನಗಳಲ್ಲಿ ಅಚ್ಚಿನ ಮೊಳೆಗಳ ನಡುವೆ ಕುಳಿತದ್ದನ್ನು ನೆನೆಯುವಾಗ ನನಗೆ ಯಾಕೋ ಅವರು ಹತ್ತಿರದವರಾಗಿ ತೋರುತ್ತಾರೆ.

ಸ್ವದೇಶಕ್ಕೆ ಮರಳಿದ ಮೇಲೆ ಅವರು ಹಳೆಯ ಸಂಕಲ್ಪವನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಪ್ರೇರಣೆಯಿಂದ ಫ್ರೀಸ್‌ಲ್ಯಾಂಡಿನ ಹಿಮಕ್ರೀಡಾ ಸಂಘದವರು 1909ನೆಯ ಇಸವಿ ಜನವರಿ 2ನೆಯ ತಾರೀಖಿನಂದು ಹನ್ನೊಂದು ಪಟ್ಟಣಗಳ ಮೊದಲನೆಯ ವಿಧಿವತ್ತಾದ ಪಂದ್ಯವನ್ನು ನಡೆಯಿಸಿದರು. ಡಚ್ಚ ಭಾಷೆಯಲ್ಲಿ ಇದಕ್ಕೆ ಎಲ್ಫ್‌ಸ್ಟೇಡನ್‌ಟೊಖ್ಟ್ ಎಂದು ಹೆಸರು. ಹನ್ನೊಂದು ಪಟ್ಟಣಗಳ ಯಾತ್ರೆ ಎಂದೇ ಅದರ ಅರ್ಥ. ಹೊರಟವರು ಇಪ್ಪತ್ತಕ್ಕೆ ಸ್ವಲ್ಪ ಮೇಲೆ. ಚಳಿಯು ಸಡಿಲಿ ಮೇಲ್ಪದರವು ಕರಗತೊಡಗಿದ್ದರಿಂದ ದಾರಿಯು ಬಲು ಕೆಟ್ಟಿದ್ದಿತು. ಮೊದಲಿಗರಾಗಿ ಬಂದವರು ಮಿನ್ನೆ ಹೂಕ್‌ಸ್ಟ್ರಾ ಎಂಬ ದೇವಶಾಸ್ತ್ರದ ವಿದ್ಯಾರ್ಥಿ. ಹದಿಮೂರು ಗಂಟೆಗಿಂತಲೂ ಹೆಚ್ಚು ಕಾಲ ಜಾರಿ ಗೆದ್ದ ಈ ಯುವಕನು ಮುಂದೆ ಸಭಾಪಾಲಕನಾದನು. ನಮ್ಮ ಬೋಧಕರಿಗೆ ಈ ಸಂಗತಿಯನ್ನು ಹೇಳಿದಾಗ ಅವರು ಬಹಳ ಸಂತೋಷಪಟ್ಟರು. ತಮ್ಮ ಮೊಣಕಾಲಿನ ನೋವನ್ನೂ ನೆನಸಿಕೊಂಡರು.

ಪಂದ್ಯವು ಮುಗಿದು ಎರಡು ವಾರವಾಗುವಷ್ಟರಲ್ಲಿ, ಮಿಂಡರ್ಟ್ ಹೆಪ್ಕೆಮಾ ಎಂಬ ವಕೀಲರು ಮುಂದೆ ಬಂದು, ಇದಕ್ಕಾಗಿಯೇ ಪ್ರತ್ಯೇಕವಾದ ಸಂಘವನ್ನು ಸ್ಥಾಪಿಸಿದರು. ಆ ಸಂಘವು ಇಂದಿಗೂ ಇದೆ. ಅದರ ಏರ್ಪಾಡುಗಳಲ್ಲಿ ಮೂರನ್ನು ಹೇಳುವೆನು.

ದಾರಿಯನ್ನು ವಿಭಾಗಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಿದ್ದಾರೆ. ಚಳಿ ಬಿದ್ದೊಡನೆ ಆತನು ಪ್ರತಿದಿನವೂ ನೀರ್ಗಲ್ಲನ್ನು ಕೊರೆದು ದಪ್ಪವನ್ನು ಅಳೆಯುತ್ತಾನೆ. ದಾರಿಯ ಉದ್ದಕ್ಕೂ ಅದು 15 ಸೆಂಟಿಮೀಟರು ಆಗದೆ ಪಂದ್ಯವಿಲ್ಲ. ಎಷ್ಟು ಜನರು ಒತ್ತಾಯಿಸಿದರೂ, ಎಷ್ಟು ವರುಷ ಕಾದರೂ ಇಲ್ಲ. ಪದರವು ಗಟ್ಟಿಯಿಲ್ಲದ ಕಡೆ ಓಟಗಾರರು ದಡಕ್ಕೆ ಏರಿ, ಹಾಸಿದ ಜಮಖಾನೆಯ ಮೇಲೆ ಅಲಗು ಕಟ್ಟಿದ ಕಾಲುಗಳಿಂದಲೇ ತಪ್ಪಾದ ಹೆಜ್ಜೆ ಇಡುತ್ತ ನಡೆದು ಮತ್ತೆ ಇಳಿಯುತ್ತಾರೆ.

ಎರಡನೆಯದು ಸಾಕ್ಷಿಯ ಚೀಟಿ. ಪ್ರತಿಯೊಬ್ಬನ ಬಳಿಯಲ್ಲಿಯೂ ಒಂದು ಚೀಟಿಯುಂಟು. ಒಂದೊಂದು ಪಟ್ಟಣದಲ್ಲಿಯೂ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು. ನಡುವೆ ಎಲ್ಲಿ ಮುದ್ರೆ ಬೀಳುವುದೆಂಬುದು ಗೊತ್ತಿಲ್ಲದ ಗುಟ್ಟಿನ ಠಾಣೆಗಳೂ ಇರುತ್ತವೆ. ಒಂದು ಮುದ್ರೆ ತಪ್ಪಿದರೂ ಯಾತ್ರೆಯು ಲೆಕ್ಕಕ್ಕಿಲ್ಲ.

ಮೂರನೆಯದು ಶಿಲುಬೆಯ ಆಕಾರದ ಒಂದು ಚಿಕ್ಕ ಪದಕ. ಮೊದಲು ಬಂದವನಿಗೆ ಮಾತ್ರವಲ್ಲ, ಗೊತ್ತುಪಡಿಸಿದ ಹೊತ್ತಿನೊಳಗೆ, ಅಂದರೆ ನಡುರಾತ್ರಿಗೆ ಮುಂಚೆ, ಯಾರು ಯಾರು ಸುತ್ತನ್ನು ಪೂರೈಸುವರೋ ಅವರೆಲ್ಲರಿಗೂ ಅದೊಂದೇ ಪದಕ. ಹಾಲೆಂಡಿನಲ್ಲಿ ಆ ಪದಕವಿದ್ದ ಮನೆಗೆ ವಿಶೇಷ ಗೌರವವುಂಟು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟದಲ್ಲಿ ಬಹುಮಾನವು ಒಬ್ಬನಿಗೇ ಎಂಬ ಲೋಕದ ರೂಢಿಯನ್ನು ನೆನಪಿಗೆ ತರುತ್ತಾನೆ. ತನ್ನ ಕಡೆಯ ದಿನಗಳಲ್ಲಿ ತಿಮೊಥೆಯನಿಗೆ ಬರೆಯುವಾಗ ಓಟವನ್ನು ಪೂರೈಸಿದ್ದನ್ನೇ ಹೇಳುತ್ತಾನೆ, ಎಷ್ಟನೆಯವನಾಗಿ ಎಂದು ಹೇಳುವುದಿಲ್ಲ. ಇದು ನನ್ನ ಊಹೆ, ಬೋಧಕರ ವ್ಯಾಖ್ಯಾನವಲ್ಲ.

ಇನ್ನು ಸ್ತ್ರೀಯರ ಮಾತು. ನಮ್ಮ ಸಂಚಿಕೆಯಲ್ಲಿ ಇದು ಬಾರದೆ ಇರಕೂಡದು.

ಹಿಮದ ಮೇಲೆ ಹೆಂಗಸರು ಜಾರುವುದು ಫ್ರೀಸ್‌ಲ್ಯಾಂಡಿನಲ್ಲಿ ಹೊಸದೇನೂ ಅಲ್ಲ. ಹಾಲು ಬೆಣ್ಣೆಗಳನ್ನು ಹೊತ್ತು ಪೇಟೆಗೆ ಹೋಗುವವರು ಅವರೇ ಆಗಿದ್ದರಲ್ಲ! ಮ್ಯುಲೀರರು ಹುಟ್ಟುವುದಕ್ಕಿಂತ ಅರವತ್ತು ವರುಷ ಹಿಂದೆಯೇ, 1805ನೆಯ ಇಸವಿಯ ಫೆಬ್ರುವರಿಯಲ್ಲಿ, ಲೇವಾರ್ಡನಿನ ಕಂದಕದ ಮೇಲೆ ಹೆಂಗಸರಿಗಾಗಿಯೇ ವೇಗದ ಪಂದ್ಯವು ನಡೆಯಿತು. ಅರವತ್ತಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದರು. ಗೆದ್ದು ಚಿನ್ನದ ಶಿರೋಭೂಷಣವನ್ನು ಪಡೆದವಳು ಹೌಕ್ಯೆ ಗೆರಿಟ್ಸ್ ಬೌಮಾ. 1809ರಲ್ಲಿ ಅಲ್ಲಿಯೇ ನಡೆದ ಇನ್ನೊಂದು ಪಂದ್ಯವನ್ನು ನಿಕೊಲಾಸ್ ಬೌರ್ ಎಂಬ ಚಿತ್ರಕಾರನು ಬಣ್ಣದಲ್ಲಿ ಬರೆದಿದ್ದಾನೆ. ಆ ಚಿತ್ರವು ಆಮ್‌ಸ್ಟರ್‌ಡಾಮಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿದೆ. ಇಬ್ಬರು ಹೆಂಗಸರು ಪಕ್ಕಪಕ್ಕದಲ್ಲಿ ಧಾವಿಸುತ್ತಿದ್ದಾರೆ, ಎರಡೂ ಕಡೆ ಊರಿಗೆ ಊರೇ ನಿಂತು ನೋಡುತ್ತಿದೆ. ಓಡಲು ಅಡ್ಡಿಯಾದ ಮೇಲಂಗಿಯನ್ನು ಕೆಲವರು ತೆಗೆದಿಟ್ಟಿದ್ದನ್ನು ಕಂಡು, ಇದು ಮರ್ಯಾದೆಗೆ ಕುಂದೆಂದು ಗೊಣಗಿದವರು ಆಗಲೂ ಇದ್ದರು.

ಹನ್ನೊಂದು ಪಟ್ಟಣಗಳ ಯಾತ್ರೆಯನ್ನು ಸ್ತ್ರೀಯೊಬ್ಬಳು ಪೂರೈಸಿದ್ದು ಎರಡನೆಯ ಸಲದ ಪಂದ್ಯದಲ್ಲಿ, 1912ರಲ್ಲಿ. ಆಕೆಯ ಹೆಸರು ಯಿಕ್ಕೆ ಗಾಸ್ಟ್ರಾ. ಆ ವರುಷ ಮೊದಲಿಗನಾದ ಕೂನ್ ಡೆ ಕೋನಿಂಗನ ಹೆಸರು ಎಲ್ಲಾ ಕಡೆಗೂ ಹರಡಿತು. ಈಕೆಯ ಹೆಸರನ್ನು ಬಲ್ಲವರು ಕೊಂಚವೇ. ಆದರೆ ದಾರಿಯ ಉದ್ದವು ಇಬ್ಬರಿಗೂ ಒಂದೇ, ಚಳಿಯೂ ಒಂದೇ. ಅನಂತರವೂ ಹೆಂಗಸರು ಯಾತ್ರಿಕರ ಗುಂಪಿನಲ್ಲಿ ಹೋಗಿ ಪದಕವನ್ನು ತರುತ್ತಿದ್ದರು. ಸ್ಪರ್ಧೆಯ ದಾಖಲೆಯಲ್ಲಿ ಸ್ತ್ರೀಯರಲ್ಲಿ ಮೊದಲಿಗಳೆಂದು ಒಬ್ಬಳ ಹೆಸರು ಎದ್ದು ನಿಂತದ್ದು 1985ರಲ್ಲಿ. ಆಕೆ ಲೇನಿ ಫಾನ್ ಡರ್ ಹೋರ್ನ್. ಎಪ್ಪತ್ತಕ್ಕೂ ಮಿಕ್ಕಿದ ವರುಷಗಳು! ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂಥ ಲೆಕ್ಕವನ್ನು ತಮ್ಮ ಮನೆಗಳಲ್ಲಿಯೂ ಮಾಡಬಲ್ಲರು.

ಈ ಪಂದ್ಯದ ಕಷ್ಟವನ್ನು ನಾನು ಬಣ್ಣ ಕಟ್ಟಿ ಹೇಳಬೇಕಾಗಿಲ್ಲ. 1929ರಲ್ಲಿ ಗೆದ್ದ ಕಾರ್ಸ್ಟ್ ಲೇಮ್‌ಬುರ್ಗನ ಕಾಲ್ಬೆರಳು ಚಳಿಯಿಂದ ಸತ್ತುಹೋಗಿ ಅದನ್ನು ಕತ್ತರಿಸಬೇಕಾಯಿತು. 1940ರಲ್ಲಿ ಮುಂದೆ ಇದ್ದ ಐವರು ಒಟ್ಟಿಗೆ ಗುರಿ ಮುಟ್ಟಬೇಕೆಂದು ಡೊಕ್ಕುಮಿನಲ್ಲಿ ಒಡಂಬಟ್ಟರು. ಮೇಲಧಿಕಾರಿಗಳು ಇದನ್ನು ಮೆಚ್ಚಲಿಲ್ಲ. ನನಗೆ ಮಾತ್ರ ಮೆಚ್ಚಿಗೆಯೇ. 1963ನೆಯ ಇಸವಿಯ ಜನವರಿ 18ನೆಯ ದಿನ ಉಷ್ಣಮಾನವು ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದು, ಹಿಮದ ಪುಡಿಯನ್ನು ಹೊತ್ತ ಈಶಾನ್ಯ ಗಾಳಿಯು ಬೀಸುತ್ತಿದ್ದಿತು. ಹೊರಟವರು ಸುಮಾರು 10,000. ಪೂರೈಸಿದವರು ಒಂದೂವರೆ ನೂರಕ್ಕೂ ಕಡಿಮೆ. ಗೆದ್ದ ರೈನೀರ್ ಪಾಪಿಂಗನು ದಾರಿಯ ಅರ್ಧದಷ್ಟನ್ನು ಒಬ್ಬನೇ, ಕಣ್ಣು ಕಾಣಿಸದಂಥ ಹಿಮದಲ್ಲಿ ಕ್ರಮಿಸಿದನು. ಆ ದಿನ ಹಿಂದಿರುಗಿದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೇಡಿಗಳೆಂದು ಹಾಲೆಂಡಿನಲ್ಲಿ ಯಾರೂ ಕರೆಯುವುದಿಲ್ಲ. ನಿಲ್ಲಬೇಕಾದ ಸ್ಥಳವನ್ನು ಅರಿಯುವುದೂ ಈ ವಿದ್ಯೆಯ ಒಂದು ಭಾಗವೇ. ಇದನ್ನು ನಾನು ನಮ್ಮ ಹುಡುಗಿಯರಿಗೆ ಎರಡು ಸಲ ಹೇಳಿದ್ದೇನೆ.

ಮ್ಯುಲೀರರಾದರೋ 1909ರ ಬಳಿಕವೂ ಸುಮ್ಮನೆ ಕೂಡಲಿಲ್ಲ. ಆ ವರುಷವೇ ಆರಂಭವಾದ ನಾಲ್ಕು ದಿನಗಳ ಕಾಲ್ನಡಿಗೆಯ ಯಾತ್ರೆಗೂ ರೂಪ ಕೊಟ್ಟವರಲ್ಲಿ ಅವರು ಒಬ್ಬರು. ಮೊದಲು ಹೆಚ್ಚಾಗಿ ಸಿಪಾಯಿಗಳೇ ನಡೆಯುತ್ತಿದ್ದ ಆ ಯಾತ್ರೆಯು ಕಾಲಾಂತರದಲ್ಲಿ ನೈಮೇಗನ್ ಪಟ್ಟಣದಲ್ಲಿ ನೆಲೆಗೊಂಡು, ಪ್ರತಿ ಬೇಸಗೆಯಲ್ಲಿಯೂ ಹತ್ತಾರು ಸಾವಿರ ಗಂಡಸರೂ ಹೆಂಗಸರೂ ನಡೆಯುವ ಜಾತ್ರೆಯಾಯಿತು. ಎರಡು ಮಹಾಯುದ್ಧಗಳನ್ನು ಕಂಡು, ತನ್ನ ದೇಶವು ಜರ್ಮನರ ಕೈಯಲ್ಲಿದ್ದ 1941 ಮತ್ತು 1942ರ ಚಳಿಗಾಲಗಳಲ್ಲಿಯೂ ಹನ್ನೊಂದು ಪಟ್ಟಣಗಳ ಯಾತ್ರೆಯು ನಡೆದದ್ದನ್ನು ಕೇಳಿ, ಅವರು ತುಂಬು ಮುಪ್ಪಿನ ವರೆಗೆ ಬಾಳಿದರು. 1954ನೆಯ ಇಸವಿಯ ಫೆಬ್ರುವರಿ 3ರಂದು ಪಂದ್ಯವು ಮತ್ತೊಮ್ಮೆ ನಡೆಯಿತು. ಆ ಸಲ ಯೇನ್ ಫಾನ್ ಡೆನ್ ಬೆರ್ಗ್ ಎಂಬವನು ಸುಮಾರು ಏಳೂವರೆ ಗಂಟೆಗಳಲ್ಲಿ ಸುತ್ತನ್ನು ಮುಗಿಸಿದನು. ಮ್ಯುಲೀರರು ಯೌವನದಲ್ಲಿ ತೆಗೆದುಕೊಂಡ ಕಾಲಕ್ಕಿಂತ ಐದು ಗಂಟೆಗೂ ಹೆಚ್ಚು ಕಡಿಮೆ. ಅದಾದ ಎರಡು ತಿಂಗಳಿಗೆ, ಏಪ್ರಿಲ 12ನೆಯ ತಾರೀಖು, ಹೇಗ್ ನಗರದಲ್ಲಿ ಎಂಬತ್ತೊಂಬತ್ತು ವರುಷದ ಮ್ಯುಲೀರರು ತೀರಿಕೊಂಡರು.

ಯಾತ್ರೆಯು ಒಟ್ಟು ಹದಿನೈದು ಸಲ ನಡೆದಿದೆ. ಕಡೆಯ ಸಲ ನಡೆದದ್ದು 1997ನೆಯ ಇಸವಿ ಜನವರಿ 4ರಂದು. ಲೋಕದ ಹವೆಯು ಕಾಯುತ್ತ ಬಂದು, ಫ್ರೀಸ್‌ಲ್ಯಾಂಡಿನ ಚಳಿಗಾಲಗಳು ಮೆದುವಾಗಿ, 15 ಸೆಂಟಿಮೀಟರಿನ ಆ ಹಾಸುಗಲ್ಲು ಅಂದಿನಿಂದ ಕೂಡಿ ಬಂದಿಲ್ಲ. ಆ ವರುಷ ಹುಟ್ಟಿದ ಮಕ್ಕಳು ಇಂದು ತಾವೇ ತಾಯಿತಂದೆಗಳಾಗಿರುವರು. ಹಂಬಲ ತಾಳಲಾರದ ಡಚ್ಚರು 1989ರಿಂದ ಆಸ್ಟ್ರಿಯಾ ದೇಶದ ಪರ್ವತಗಳ ನಡುವಿನ ವೈಸನ್‌ಸೇ ಎಂಬ ಸರೋವರಕ್ಕೆ ಹೋಗಿ, ಅದರ ಮೇಲೆಯೇ ಸುತ್ತು ಸುತ್ತಾಗಿ 200 ಕಿಲೋಮೀಟರು ಜಾರಿ ಬರುತ್ತಾರೆ. ನಮ್ಮ ದೇಶದಲ್ಲಿಯೂ, ಲಡಾಖದ ಪಾಂಗಾಂಗ್ ಸರೋವರವು ಹೆಪ್ಪುಗಟ್ಟಿದಾಗ, 2023ರ ಫೆಬ್ರುವರಿಯಲ್ಲಿ ಅದರ ಮೇಲೆ 21 ಕಿಲೋಮೀಟರಿನ ಓಟವು ನಡೆಯಿತು. ಸ್ಕೇಟುಗಳಿಂದಲ್ಲ, ಕಾಲಿನಿಂದ. ಕರಗುತ್ತಿರುವ ಹಿಮದ ಕಡೆಗೆ ಜನರ ಗಮನವನ್ನು ಎಳೆಯುವುದೇ ಅದರ ಉದ್ದೇಶವಾಗಿದ್ದಿತು.

ಮೇಲೆ ಹೇಳಿದ ಇನ್ನೊಂದು ಕಾರಣಕ್ಕೆ ಈಗ ಬರುತ್ತೇನೆ. ನಮ್ಮ ಶಾಲೆಯ ಹುಡುಗಿಯರು ವರುಷಕ್ಕೊಮ್ಮೆ ಸಮುದ್ರತೀರದ ಮರಳಿನ ಮೇಲೆ ಕಾಳೀ ನದಿಯ ಮುಖದ ವರೆಗೆ ಹೋಗಿ ಮರಳುವ ನಡಿಗೆಯನ್ನು ಮಾಡುವುದುಂಟು. ಕಳೆದ ವರುಷ ಒಬ್ಬ ತಂದೆಯವರು ನನಗೆ ಕಾಗದ ಬರೆದು, ಇಷ್ಟು ದೂರ ಹೆಣ್ಣುಮಕ್ಕಳನ್ನು ಬಿಸಿಲಲ್ಲಿ ನಡೆಯಿಸುವುದು ಸರಿಯಲ್ಲವೆಂದೂ, ತಮ್ಮ ಮಗಳು ಹೇಗೂ ಮೊದಲು ಬರುವವಳಲ್ಲವಾದ್ದರಿಂದ ಆಕೆಯನ್ನು ಬಿಡಬೇಕೆಂದೂ ವಿನಯದಿಂದಲೇ ಕೇಳಿಕೊಂಡರು. ಮಗಳು ಯಾರೆಂದರೆ ಗಂಗಾವಳಿಯ ಪ್ರಶ್ನೆಯನ್ನು ಕೇಳಿದ ಆ ಹುಡುಗಿಯೇ. ಕಾಗದದ ಮೊದಲನೆಯ ಮಾತನ್ನು ಒಪ್ಪಿ ನಡಿಗೆಯನ್ನು ಮುಂಜಾನೆ ಆರು ಗಂಟೆಗೆ ಇಟ್ಟೆನು. ಎರಡನೆಯ ಮಾತಿಗೆ ಉತ್ತರವಾಗಿ ಮ್ಯುಲೀರರ ಕ್ರಮವನ್ನು ಅನುಸರಿಸಿ, ಮೊದಲು, ಎರಡು, ಮೂರು ಎಂಬ ಬಹುಮಾನಗಳನ್ನು ತೆಗೆದುಹಾಕಿ, ಪೂರೈಸಿದವರೆಲ್ಲರಿಗೂ ಒಂದೇ ನೀಲಿ ಪಟ್ಟಿ ಎಂದು ಗೊತ್ತುಮಾಡಿದೆನು. ಚೀಟಿಗಳನ್ನು ಬರೆಯಿಸಿ, ದಾರಿಯ ನಡುವೆ ಒಂದು, ನದಿಯ ಮುಖದಲ್ಲಿ ಒಂದು ಮುದ್ರೆಯ ಠಾಣೆಯನ್ನು ಇಟ್ಟೆನು. ತಂದೆಯವರು ಒಪ್ಪಿಗೆ ಕೊಟ್ಟರು.

ಆ ದಿನ ತಪ್ಪು ನಡೆದದ್ದು ನನ್ನಿಂದಲೇ. ಎಲ್ಲರೂ ದಾಟಿದರೆಂದು ತಿಳಿದು, ನದಿಯ ಮುಖದಲ್ಲಿದ್ದ ಶಿಕ್ಷಕಿಯನ್ನು ಹೊತ್ತಿಗೆ ಮುಂಚೆ ಹಿಂದಕ್ಕೆ ಕರೆಯಿಸಿದೆನು. ಹಿಂದೆ ಉಳಿದ ಆ ಹುಡುಗಿಯು ಅಲ್ಲಿಗೆ ಹೋದಾಗ ಮರಳಿನ ಮೇಲೆ ಮೇಜಿನ ಕಾಲಿನ ಗುರುತುಗಳು ಮಾತ್ರ ಇದ್ದವು. ಆಕೆಯು ಬಂದು ಎರಡನೆಯ ಮುದ್ರೆಯಿಲ್ಲದ ಚೀಟಿಯನ್ನು ನನ್ನ ಮುಂದೆ ಇಟ್ಟಳು. ನಡೆದದ್ದನ್ನು ತಿಳಿದು ನಾನು ಕ್ಷಮೆ ಕೇಳಿ ನೀಲಿ ಪಟ್ಟಿಯನ್ನು ಕೊಡಹೋದೆನು. ಆಕೆಯು ತೆಗೆದುಕೊಳ್ಳಲಿಲ್ಲ; ಚೀಟಿಯನ್ನು ಮಾತ್ರ ಹಿಂದಕ್ಕೆ ಕೇಳಿಕೊಂಡು ಹೋದಳು. ಮುಂದಿನ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಆಕೆಯು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಅಂಕೋಲೆಯಿಂದ ಮೊದಲನೆಯ ಬಸ್ಸಿಗೆ ಬಂದ ಆಕೆಯ ತಂದೆಯವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿದ್ದರು. ನಾನು ಮುದ್ರೆಯನ್ನೂ ಮಸಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಅವರಿಗಿಂತ ಮುಂದಾಗಿ ನದಿಯ ಮುಖಕ್ಕೆ ಹೊರಟೆನು.